ಒಂಟಿ ಗಾಲಿಯ ರಥ ಬೀಳದೆ ಓಡುವುದು ಹೇಗೆ?

ರಥಸಪ್ತಮಿಯ ಬೆಳಗ್ಗೆ ನಮ್ಮ ಬಚ್ಚಲಿನ ಬಾಗಿಲಲ್ಲಿ ಸಣ್ಣದೊಂದು ಗಲಾಟೆ ಇದ್ದೇ ಇರುತ್ತದೆ. ಎಕ್ಕದ ಎಲೆ ಏಳು ಬೇಕು. ತಲೆಗೆ ಒಂದು, ಹೆಗಲಿಗೆ ಎರಡು, ಮೊಣಕಾಲಿಗೆ ಎರಡು, ಪಾದಕ್ಕೆ ಎರಡು. ಹಂಡೆಯ ಬಿಸಿನೀರು ಹೊಯ್ದ ಕೂಡಲೇ ಎಲ್ಲ ಜಾರಿ ಬೀಳುತ್ತವೆ. ಮಕ್ಕಳಿಗೆ ಅದೇ ಮಜಾ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ಈ ಸಲ ಅಕ್ಕನ ಮಗಳು ಬಂದಿದ್ದಳು. ಐದನೇ ಕ್ಲಾಸು. ತಲೆ ಒರೆಸಿಕೊಳ್ಳುತ್ತಾ ಗೋಡೆಯ ಕ್ಯಾಲೆಂಡರಿನ ಸೂರ್ಯನನ್ನೇ ನೋಡುತ್ತಾ ನಿಂತಳು. ಏಳು ಬಿಳಿ ಕುದುರೆ, ಮುಂದೆ ಸಾರಥಿ ಅರುಣ, ಹಿಂದೆ ಸೂರ್ಯ. ಈ ರಥಕ್ಕೆ ಇರುವುದು ಒಂದೇ ಚಕ್ರ ಎಂದು ಅಜ್ಜ ಆಗಷ್ಟೇ ಹೇಳಿ ಮುಗಿಸಿದ್ದರು.

"ಮಾವ, ಒಂದೇ ಚಕ್ರ ಇದ್ರೆ ವಾಲಿ ಬೀಳುದಿಲ್ವಾ?"

ಸರ್ಕಸ್ಸಿನವರು ಒಂದು ಚಕ್ರದ ಸೈಕಲ್ ಓಡಿಸ್ತಾರಲ್ಲ ಎಂದು ಹೇಳಿ ತಪ್ಪಿಸಿಕೊಂಡೆ. ಅವಳು ಒಪ್ಪಲಿಲ್ಲ. ನನಗೂ ಸಮಾಧಾನ ಆಗಲಿಲ್ಲ. ಆಮೇಲೆ ನೋಡಿದರೆ ಉತ್ತರ ಪುರಾಣದಲ್ಲೇ ಇದೆ. ಅದೂ ನಮ್ಮ ಹಳಬರು ದಿನಾ ನೋಡುತ್ತಿದ್ದ ಒಂದು ಯಂತ್ರದ ಹೆಸರು ಹೇಳಿಯೇ ಇದೆ. ಅಲ್ಲಿಗೆ ಹೋಗುವ ಮೊದಲು ರಥ ಅಂದರೆ ಏನು ಎಂಬುದನ್ನು ಸ್ವಲ್ಪ ಸರಿಮಾಡಿಕೊಳ್ಳಬೇಕು.

ರಥ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ದೇವಸ್ಥಾನದ ತೇರು. ಮಂಜೇಶ್ವರದ ಷಷ್ಠಿಗೆ ಹೋದವರಿಗೆ ಗೊತ್ತು. ನೂರಾರು ಜನ ಹಗ್ಗ ಹಿಡಿದು ಎಳೆಯಬೇಕು, ಆಗ ಅದು ಗುಡುಗುಡು ಅಂತ ನಾಲ್ಕು ಹೆಜ್ಜೆ ಮುಂದೆ ಬರುತ್ತದೆ. ವೇದದ ಕಾಲದ ರಥ ಇದಕ್ಕೆ ಪೂರ್ತಿ ಉಲ್ಟಾ. ಅದು ಹಗುರ, ಎರಡು ಗಾಲಿ, ಒಬ್ಬಿಬ್ಬರು ನಿಲ್ಲುವಷ್ಟು ಜಾಗ. ಅದರ ಗುಟ್ಟು ಇರುವುದು ಅರದಲ್ಲಿ, ಅಂದರೆ ಗಾಲಿಯ ಕಡ್ಡಿಗಳಲ್ಲಿ. ಇಡೀ ಹಲಗೆಯ ಗಾಲಿ ಭಾರ. ಮಧ್ಯದ ಮರ ತೆಗೆದು ಕಡ್ಡಿ ಕೊಟ್ಟರೆ ಗಾಲಿ ಹಗುರಾಗುತ್ತದೆ, ಕುದುರೆ ಓಡುತ್ತದೆ. ಈವರೆಗೆ ಸಿಕ್ಕಿದ ಅತಿ ಹಳೆಯ ಕಡ್ಡಿ ಗಾಲಿಯ ರಥಗಳು ರಷ್ಯಾದ ಉರಾಲ್ ಬೆಟ್ಟಗಳ ದಕ್ಷಿಣಕ್ಕೆ, ಸಿಂತಾಷ್ಟಾ ಎಂಬಲ್ಲಿನ ಸಮಾಧಿಗಳಲ್ಲಿವೆ. ಸುಮಾರು ಕ್ರಿ.ಪೂ. 2000ದ ಹೊತ್ತಿನವು. ಸಿಕ್ಕಿದವು ಅಂದರೆ ಮರ ಸಿಕ್ಕಿದ್ದಲ್ಲ. ಹೂಳುವಾಗ ಗಾಲಿಗಳು ನಿಲ್ಲಲಿ ಎಂದು ನೆಲದಲ್ಲಿ ಎರಡು ಸೀಳು ತೋಡಿದ್ದರು. ಮರ ಕೊಳೆತು ಹೋಯಿತು, ಕಡ್ಡಿಗಳ ಗುರುತು ಮಾತ್ರ ಮಣ್ಣಿನಲ್ಲಿ ಉಳಿಯಿತು.

ಆ ಕಾಲಕ್ಕೆ ಭೂಮಿಯ ಮೇಲೆ ಇದಕ್ಕಿಂತ ಜೋರಾಗಿ ಓಡುವ ವಾಹನ ಇರಲಿಲ್ಲ. ದಿನಕ್ಕೊಮ್ಮೆ ಇಡೀ ಆಕಾಶ ದಾಟುವ ಸೂರ್ಯನಿಗೆ ಇನ್ನೇನು ಕೊಡುವುದು? ಗ್ರೀಕರು ಹೀಲಿಯಸ್‌ನಿಗೆ ನಾಲ್ಕು ಕುದುರೆಯ ರಥ ಕೊಟ್ಟರು. ಇರಾನಿನವರ ಮಿಥ್ರನಿಗೆ ನಾಲ್ಕು ಬಿಳಿ ಕುದುರೆ. ಯುರೋಪಿನ ಉತ್ತರದ ಕಡೆ ಸೂರ್ಯ ಹೆಣ್ಣು, ಹೆಸರು ಸೋಲ್. ಅವಳ ರಥಕ್ಕೆ ಎರಡು ಕುದುರೆ, ಹಿಂದಿನಿಂದ ಅಟ್ಟಿಸಿಕೊಂಡು ಬರುವ ಒಂದು ತೋಳ. ಈಜಿಪ್ಟಿನವರು ಮಾತ್ರ ಸೂರ್ಯನನ್ನು ದೋಣಿಯಲ್ಲಿ ಕೂರಿಸಿದರು. ಅವರಿಗೆ ನೈಲ್ ನದಿಯೇ ಹೆದ್ದಾರಿ, ರಥ ಅವರ ದೇಶಕ್ಕೆ ಬಂದದ್ದು ತುಂಬ ತಡವಾಗಿ. ಹಗಲಿಗೊಂದು ದೋಣಿ, ರಾತ್ರಿಗೊಂದು ದೋಣಿ. ನಮ್ಮ ಕರಾವಳಿಯ ಮೊಗವೀರರು ಈ ಕತೆ ಕಟ್ಟಿದ್ದರೆ ಅವರೂ ದೋಣಿಯನ್ನೇ ಹೇಳುತ್ತಿದ್ದರೋ ಏನೋ.

ಕನ್ನಡದ ಹಳೆಯ ಮಾತಿನಲ್ಲಂತೂ ಕುದುರೆಯ ಸುಳಿವೇ ಇಲ್ಲ. ಹೊತ್ತು ಹುಟ್ಟುತ್ತದೆ, ಹೊತ್ತು ಏರುತ್ತದೆ, ಹೊತ್ತು ಮುಳುಗುತ್ತದೆ. ತುಳುವಿನ ಪೊರ್ತು ಕೂಡ ಹಾಗೇ, ಸೂರ್ಯನೂ ಅದೇ, ಸಮಯವೂ ಅದೇ. ಕುದುರೆ ಆಮೇಲೆ ಸಂಸ್ಕೃತದ ಜೊತೆ ಬಂತು.

ಸರಿ, ಹೊತ್ತು ಮುಳುಗಿತು. ಪಡುಗಡಲಿಗೆ ಇಳಿದ ಸೂರ್ಯ ರಾತ್ರಿ ಬೆಳಗಾಗುವುದರೊಳಗೆ ಮೂಡಣದ ಘಟ್ಟಕ್ಕೆ ವಾಪಸ್ ಬರಬೇಕಲ್ಲ, ಯಾವ ದಾರಿಯಲ್ಲಿ? ರಥದ ಕತೆ ಹೇಳಿದ ಎಲ್ಲರಿಗೂ ಕಾಡಿದ ತಲೆನೋವು ಇದು. ಗ್ರೀಕರು ಸೂರ್ಯನನ್ನು ಕುದುರೆ ಸಮೇತ ಒಂದು ಚಿನ್ನದ ಬಟ್ಟಲಿನಲ್ಲಿ ಕೂರಿಸಿ, ಭೂಮಿಯ ಸುತ್ತಲಿನ ಕಡಲಲ್ಲಿ ತೇಲಿಸಿ ತಂದರು. ಚೆಂದದ ಕಲ್ಪನೆ, ಆದರೆ ಸ್ವಲ್ಪ ತೇಪೆ ಹಾಕಿದ ಹಾಗೆ ಕಾಣುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಬೇರೆ ಉತ್ತರ. 1902ರಲ್ಲಿ ಡೆನ್ಮಾರ್ಕಿನ ಟ್ರುಂಡ್‌ಹೋಮ್ ಎಂಬ ಜೌಗು ನೆಲ ಉಳುವಾಗ ಒಂದು ಕಂಚಿನ ಆಟಿಕೆಯಂಥ ವಸ್ತು ಸಿಕ್ಕಿತು. ಸಣ್ಣ ಕುದುರೆ, ಅದರ ಹಿಂದೆ ಊಟದ ತಟ್ಟೆಯಷ್ಟು ದೊಡ್ಡ ಕಂಚಿನ ಬಿಲ್ಲೆ, ಎರಡನ್ನೂ ಹೊತ್ತ ಆರು ಗಾಲಿ, ಒಂದೊಂದು ಗಾಲಿಗೆ ನಾಲ್ಕು ಕಡ್ಡಿ. ಸುಮಾರು ಕ್ರಿ.ಪೂ. 1400ರದ್ದು. ಈಗ ಕೋಪನ್‌ಹೇಗನ್ನಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಬಿಲ್ಲೆಗೆ ಎರಡು ಮುಖ. ಒಂದಕ್ಕೆ ಚಿನ್ನದ ತಗಡು ಹೊದೆಸಿದೆ, ಇನ್ನೊಂದು ಬರೀ ಕಂಚು. ಕುದುರೆ ಬಲಕ್ಕೆ ಹೋಗುವಾಗ ನೋಡುವವರಿಗೆ ಚಿನ್ನದ ಮುಖ ಕಾಣುತ್ತದೆ. ಎಡಕ್ಕೆ ತಿರುಗಿಸಿದರೆ ಕಪ್ಪು ಮುಖ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಸೂರ್ಯ ಎಡದಿಂದ ಬಲಕ್ಕೆ ಹೋಗುತ್ತಾನೆ. ಅಂದರೆ ಹಗಲು ಚಿನ್ನದ ಮುಖ ತೋರಿಸುತ್ತಾ ಹೋದ ಸೂರ್ಯ, ರಾತ್ರಿ ಕಪ್ಪು ಮುಖ ತೋರಿಸುತ್ತಾ ವಾಪಸ್ ಬರುತ್ತಾನೆ ಎಂದು ಬಹಳ ಮಂದಿ ವಿದ್ವಾಂಸರು ಇದನ್ನು ಓದುತ್ತಾರೆ.

ಈಗ ಇತ್ತ ಬನ್ನಿ. ಋಗ್ವೇದದ ಮೊದಲ ಮಂಡಲದ 115ನೇ ಸೂಕ್ತ ಸೂರ್ಯನಿಗೆ ಎರಡು ರೂಪ ಹೇಳುತ್ತದೆ. ಒಂದು ಹೊಳೆಯುವುದು, ಇನ್ನೊಂದು ಕಪ್ಪು, ಎರಡನ್ನೂ ತರುವುದು ಅವನ ಕುದುರೆಗಳೇ. ಐತರೇಯ ಬ್ರಾಹ್ಮಣ ಎಂಬ ವೈದಿಕ ಗ್ರಂಥ ಇನ್ನೂ ಬಿಡಿಸಿ ಹೇಳುತ್ತದೆ. ಸೂರ್ಯ ನಿಜವಾಗಿ ಮುಳುಗುವುದೂ ಇಲ್ಲ, ಹುಟ್ಟುವುದೂ ಇಲ್ಲ. ಹಗಲಿನ ಕೊನೆ ತಲುಪಿದ ಮೇಲೆ ತನ್ನನ್ನು ತಾನೇ ಮಗುಚಿಕೊಳ್ಳುತ್ತಾನೆ, ಆಗ ಕೆಳಗೆ ರಾತ್ರಿ, ಮೇಲೆ ಹಗಲು. ದೋಸೆ ಮಗುಚಿದ ಹಾಗೆ, ಅಷ್ಟೇ! ಡೆನ್ಮಾರ್ಕಿನ ಕಂಚಿನ ಬಿಲ್ಲೆಗೂ ನಮ್ಮ ಈ ಮಾತಿಗೂ ನೇರ ನಂಟು ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಮೈ ಜುಮ್ ಅನ್ನದೆ ಇರುವುದಿಲ್ಲ.

ಇನ್ನು ಒಂದು ಚಕ್ರದ ವಿಷಯ. ಅದು ಮೊದಲು ಬರುವುದು ಋಗ್ವೇದದ ಒಂದು ಒಗಟಿನಲ್ಲಿ, ಮೊದಲ ಮಂಡಲದ 164ನೇ ಸೂಕ್ತ. ಹೇಳಿದವನು ದೀರ್ಘತಮಸ್. ಹೆಸರಿನ ಅರ್ಥವೇ ಉದ್ದದ ಕತ್ತಲೆ, ಹುಟ್ಟುಕುರುಡ ಎಂದು ಕತೆ. ಏಳು ಮಂದಿ ಒಂದು ಚಕ್ರದ ರಥ ಹೂಡುತ್ತಾರೆ, ಏಳು ಹೆಸರಿನ ಒಂದೇ ಕುದುರೆ ಅದನ್ನು ಎಳೆಯುತ್ತದೆ ಎನ್ನುತ್ತಾನೆ ಅವನು. ಆಮೇಲೆ ಒಗಟು ತಾನೇ ಬಿಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಹನ್ನೆರಡು ಅರ. ಅದರ ಮೇಲೆ ಜೋಡಿ ಜೋಡಿಯಾಗಿ 720 ಮಕ್ಕಳು ನಿಂತಿದ್ದಾರೆ. ಹನ್ನೆರಡು ತಿಂಗಳು, 360 ಹಗಲು, 360 ರಾತ್ರಿ. ಸುಮ್ನೆ ಒಂದು ಗಾಲಿ ಅಲ್ಲ, ಇಡೀ ವರ್ಷವೇ ಉರುಳುತ್ತಿದೆ. ವರ್ಷ ಎರಡು ಇರುತ್ತದಾ? ಇಲ್ಲ. ಅದಕ್ಕೇ ಚಕ್ರವೂ ಒಂದೇ.

ಇಲ್ಲಿಗೇ ನಿಲ್ಲಿಸಿದರೆ ಅದು ಕವಿಯ ಉತ್ತರ. ಅಕ್ಕನ ಮಗಳು ಕೇಳಿದ್ದು ಮೆಕ್ಯಾನಿಕ್ ಕೇಳುವ ಪ್ರಶ್ನೆ. ಅದಕ್ಕೆ ಉತ್ತರ ಕೊಡುವವರು ಪುರಾಣಿಕರು.

ಭಾಗವತದ ಐದನೇ ಸ್ಕಂಧದಲ್ಲಿ ರಥದ ಅಳತೆ, ಜೋಡಣೆ ಎಲ್ಲ ಇದೆ. ಭೂಮಿಯ ನಡುವೆ ಮೇರು ಪರ್ವತ. ಬಹಳ ದೂರದಲ್ಲಿ, ಅದರ ಸುತ್ತ ಬಳೆಯ ಹಾಗೆ ಮಾನಸೋತ್ತರ ಎಂಬ ಇನ್ನೊಂದು ಬೆಟ್ಟ. ರಥದ ಅಚ್ಚಿನ ಒಂದು ತುದಿ ಮೇರುವಿನ ತಲೆಯ ಮೇಲೆ ನೆಟ್ಟಿದೆ. ಇನ್ನೊಂದು ತುದಿಯಲ್ಲಿ ಚಕ್ರ. ಅದು ಮಾನಸೋತ್ತರದ ಮೇಲೆ ಸುತ್ತುತ್ತಾ ಹೋಗುತ್ತದೆ. ಹೇಗೆ ಸುತ್ತುತ್ತದೆ? ಎಣ್ಣೆಯ ಗಾಣದ ಚಕ್ರದ ಹಾಗೆ ಎಂದು ಸಂಸ್ಕೃತದಲ್ಲೇ ಬರೆದಿದೆ. ಅಷ್ಟು ಸಾಲದು ಅಂತ ಇನ್ನೊಂದು ಅಚ್ಚು. ಉದ್ದದಲ್ಲಿ ಮೊದಲನೆಯದರ ಕಾಲು ಭಾಗ. ಅದರ ಬುಡ ಮೊದಲ ಅಚ್ಚಿಗೆ, ಮೇಲ್ತುದಿ ಧ್ರುವ ನಕ್ಷತ್ರಕ್ಕೆ. ಇದೂ ಗಾಣದ ಅಚ್ಚಿನ ಹಾಗೇ ಎಂದು ಮತ್ತೊಮ್ಮೆ ಹೇಳುತ್ತದೆ.

ಗಾಣ ನೋಡದವರಿಗೆ ಒಂದು ಮಾತು. ನಡುವೆ ದೊಡ್ಡ ಒರಳು, ಅದರಲ್ಲಿ ನಿಂತ ಒನಕೆಯಂಥ ಮರ. ಅದಕ್ಕೆ ಜೋಡಿಸಿದ ಉದ್ದದ ಅಡ್ಡಮರ ಹೊರಗೆ ಚಾಚಿರುತ್ತದೆ. ಅದರ ತುದಿಗೆ ಎತ್ತು ಕಟ್ಟಿದರೆ ಅದು ದಿನವಿಡೀ ಒಂದೇ ವೃತ್ತದಲ್ಲಿ ನಡೆಯುತ್ತದೆ. ಅಡ್ಡಮರ ಬೀಳುವುದಿಲ್ಲ, ಯಾಕೆಂದರೆ ಅದರ ಒಂದು ತುದಿ ಯಾವತ್ತೂ ನಡುವಿನ ಮರದ ಹಿಡಿತದಲ್ಲೇ ಇರುತ್ತದೆ. ನನ್ನನ್ನು ಕೇಳಿದರೆ ಸೂರ್ಯನ ರಥಕ್ಕೆ ಇನ್ನೂ ಹತ್ತಿರದ ಹೋಲಿಕೆ ಸುಣ್ಣದ ಗಾರೆ ಅರೆಯುತ್ತಿದ್ದ ಹಳೆಯ ಗಾಣ. ನೆಲದಲ್ಲಿ ದುಂಡಗಿನ ಕಾಲುವೆ, ಅದರೊಳಗೆ ಉರುಳುವ ಒಂದೇ ಒಂದು ಕಲ್ಲಿನ ಚಕ್ರ, ಚಕ್ರದಿಂದ ನಡುವಿನ ಗೂಟಕ್ಕೆ ಒಂದು ಮರದ ಅಚ್ಚು. ಒಂದೇ ಗಾಲಿ, ಆದರೂ ಬೀಳುವುದಿಲ್ಲ.

ಅಂದರೆ ಕ್ಯಾಲೆಂಡರಿನ ಚಿತ್ರವೇ ನಮ್ಮ ದಾರಿ ತಪ್ಪಿಸಿದ್ದು. ಅದು ಊರಿಂದ ಊರಿಗೆ ಹೋಗುವ ಗಾಡಿ ಅಲ್ಲ. ಗೂಟಕ್ಕೆ ಕಟ್ಟಿದ ಗಾಣ. ಕುದುರೆಗಳು ಗಾಣದ ಎತ್ತುಗಳು.

ಈ ಗಾಣ ಒಪ್ಪಿಕೊಂಡರೆ ರಾತ್ರಿ ವಾಪಸ್ ಬರುವ ತಲೆನೋವೂ ಹೋಯಿತು. ಸೂರ್ಯ ಎಲ್ಲೂ ಮುಳುಗುವುದೇ ಇಲ್ಲ, ಸುತ್ತುತ್ತಲೇ ಇರುತ್ತಾನೆ. ಮಾನಸೋತ್ತರದ ನಾಲ್ಕು ದಿಕ್ಕಿಗೆ ನಾಲ್ಕು ಪಟ್ಟಣ. ಪೂರ್ವಕ್ಕೆ ಇಂದ್ರನ ದೇವಧಾನಿ, ದಕ್ಷಿಣಕ್ಕೆ ಯಮನ ಸಂಯಮನಿ, ಪಶ್ಚಿಮಕ್ಕೆ ವರುಣನ ನಿಮ್ಲೋಚನಿ, ಉತ್ತರಕ್ಕೆ ಸೋಮನ ವಿಭಾವರಿ. ಒಂದು ಕಡೆ ಉದಯವಾದರೆ ಅದರ ಎದುರಿನ ಕಡೆ ಅಸ್ತ. ಒಂದು ಕಡೆ ನಡುಮಧ್ಯಾಹ್ನವಾದರೆ ಎದುರಿಗೆ ನಡುರಾತ್ರಿ. ದುಬೈಗೋ ಅಮೆರಿಕಕ್ಕೋ ಫೋನ್ ಮಾಡುವ ಮೊದಲು ಅಲ್ಲಿ ಎಷ್ಟು ಗಂಟೆ ಎಂದು ಲೆಕ್ಕ ಹಾಕುವ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಷ್ಣು ಪುರಾಣ ಒಂದೇ ಮಾತಿನಲ್ಲಿ ಮುಗಿಸುತ್ತದೆ. ಸೂರ್ಯ ಕಂಡರೆ ಅದಕ್ಕೆ ಉದಯ ಅನ್ನುತ್ತೇವೆ, ಕಾಣದಿದ್ದರೆ ಅಸ್ತ ಅನ್ನುತ್ತೇವೆ, ಅಷ್ಟೇ.

ಹಾಗಂತ ಎಲ್ಲವೂ ಸರಿ ಎಂದಲ್ಲ. ನಿಜವಾಗಿ ತಿರುಗುವುದು ಭೂಮಿ. ಮಾನಸೋತ್ತರದ ಸುತ್ತಳತೆ 9 ಕೋಟಿ 51 ಲಕ್ಷ ಯೋಜನ ಎಂದು ಭಾಗವತ ಹೇಳುತ್ತದೆ. ಕೆಲವರು ಯೋಜನವನ್ನು ತಮಗೆ ಬೇಕಾದಷ್ಟು ಹಿಗ್ಗಿಸಿ ಕುಗ್ಗಿಸಿ ಇದನ್ನು ಇಂದಿನ ವಿಜ್ಞಾನಕ್ಕೆ ತಾಳೆ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅಳತೆಗೋಲನ್ನೇ ಎಳೆದರೆ ಏನು ಬೇಕಾದರೂ ತಾಳೆ ಆಗುತ್ತದೆ, ಅಲ್ವಾ? ಪುರಾಣಿಕರ ಜಾಣತನ ಇರುವುದು ಅಂಕಿಯಲ್ಲಿ ಅಲ್ಲ. ಕಣ್ಣಿಗೆ ಕಂಡ ಆಕಾಶದ ತಿರುಗಾಟವನ್ನು ಅಂಗಳದಲ್ಲಿ ಕಾಣುವ ಯಂತ್ರದಿಂದ ವಿವರಿಸಿದರಲ್ಲ, ಅದರಲ್ಲಿ.

ಉತ್ತರಾಯಣ, ದಕ್ಷಿಣಾಯನಕ್ಕೆ ವಿಷ್ಣು ಪುರಾಣ ಕುಂಬಾರನ ಚಕ್ರ ತರುತ್ತದೆ. ಚಕ್ರದ ಅಂಚು ಜೋರಾಗಿ ಓಡುತ್ತದೆ, ನಡುಭಾಗ ನಿಧಾನ. ದಕ್ಷಿಣಾಯನದ ಸೂರ್ಯ ಅಂಚಿನಲ್ಲಿದ್ದ ಹಾಗೆ ಬೇಗ ಓಡುತ್ತಾನೆ, ಅದಕ್ಕೇ ಹಗಲು ಚಿಕ್ಕದು. ಉತ್ತರಾಯಣದಲ್ಲಿ ನಡುವಿಗೆ ಸರಿದು ನಿಧಾನವಾಗುತ್ತಾನೆ, ಹಗಲು ಉದ್ದ. ಅವನು ಒಳಗೆ ಹೊರಗೆ ಸರಿಯುವುದು ಯಾಕೆ? ಧ್ರುವ ಹಗ್ಗ ಎಳೆದರೆ ಒಳಗೆ, ಸಡಿಲ ಬಿಟ್ಟರೆ ಹೊರಗೆ ಎಂದು ಬೇರೆ ಕೆಲವು ಪುರಾಣಗಳು ಹೇಳುತ್ತವೆ. ಬೇಕಲದ ಕೋಟೆಯ ಮೇಲೆ ನಿಂತು ವರ್ಷವಿಡೀ ಸೂರ್ಯಾಸ್ತ ನೋಡಿದವರಿಗೆ ಈ ಸರಿದಾಟ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ನೇರ ಪಶ್ಚಿಮದಿಂದ ಎಡಕ್ಕೆ ಸುಮಾರು 24 ಡಿಗ್ರಿ ಸರಿದು ಮುಳುಗುತ್ತಾನೆ. ಜೂನಿನಲ್ಲಿ ಬಲಕ್ಕೆ ಅಷ್ಟೇ. ಜೂನಿನದ್ದು ಲೆಕ್ಕದಲ್ಲಿ ಮಾತ್ರ. ನಮ್ಮ ಮಳೆಗಾಲದಲ್ಲಿ ಅವನ ಮುಖ ನೋಡಿದವರು ಯಾರು!

ಆ ಹಗ್ಗದ ಬಗ್ಗೆ ಒಂದು ಮಾತು ಹೇಳಲೇಬೇಕು. ರಶ್ಮಿ ಅಂದರೆ ಸೂರ್ಯನ ಕಿರಣ ಎಂದು ನಮಗೆಲ್ಲ ಗೊತ್ತು. ಸಂಸ್ಕೃತದಲ್ಲಿ ಆ ಪದಕ್ಕೆ ಹಗ್ಗ, ಕುದುರೆಯ ಲಗಾಮು ಎಂಬ ಅರ್ಥವೂ ಇದೆ. ಮೋಡದ ಸಂದಿಯಿಂದ ಇಳಿಯುವ ಬಿಸಿಲ ಕೋಲುಗಳನ್ನು ನೋಡಿ, ಯಾರೋ ಮೇಲಿಂದ ಲಗಾಮು ಹಿಡಿದ ಹಾಗೇ ಇರುತ್ತದೆ. ಸೂರ್ಯನ ರಥ ಕತೆಯಲ್ಲಿ ಮಾತ್ರ ಅಲ್ಲ, ಪದದೊಳಗೂ ಕೂತಿದೆ.

ಏಳು ಕುದುರೆ ಅಂದರೆ ಕಾಮನಬಿಲ್ಲಿನ ಏಳು ಬಣ್ಣ ಎಂದು ಹೇಳುವವರು ಬಹಳ. ನನಗೆ ಒಪ್ಪಿಗೆ ಇಲ್ಲ. ಋಗ್ವೇದದಲ್ಲಿ ಏಳೂ ಕುದುರೆಗೆ ಒಂದೇ ಬಣ್ಣ, ಹರಿತ, ಅಂದರೆ ಹಳದಿ ಮಿಶ್ರಿತ ಕಂದು ಅಂತಿಟ್ಟುಕೊಳ್ಳಿ. ಇನ್ನು ಬಣ್ಣ ಏಳೇ ಎಂದು ಎಣಿಸಿದವನು ನ್ಯೂಟನ್. ಅವನೂ ಮೊದಲು ಐದು ಅಂದವನು, ಆಮೇಲೆ ಸಂಗೀತದ ಸ್ವರಗಳಿಗೆ ಹೊಂದಲಿ ಎಂದು ಏಳು ಮಾಡಿದ. ಪುರಾಣಗಳು ಕುದುರೆಗಳ ಹೆಸರು ಸ್ಪಷ್ಟವಾಗಿ ಕೊಡುತ್ತವೆ. ಗಾಯತ್ರೀ, ಉಷ್ಣಿಕ್, ಅನುಷ್ಟುಪ್, ಬೃಹತೀ, ಪಂಕ್ತಿ, ತ್ರಿಷ್ಟುಪ್, ಜಗತೀ. ವೇದದ ಏಳು ಛಂದಸ್ಸುಗಳು. ಗಾಯತ್ರಿಗೆ 24 ಅಕ್ಷರ, ಅಲ್ಲಿಂದ ನಾಲ್ಕು ನಾಲ್ಕು ಏರುತ್ತಾ ಜಗತಿಗೆ 48. ಮಾತನ್ನು ಹೊತ್ತು ಓಡುವುದು ಛಂದಸ್ಸು. ಯಕ್ಷಗಾನ ನೋಡುವ ನಮಗೆ ಇದು ಸುಲಭ. ರಂಗದಲ್ಲಿ ರಥ ಅನ್ನುವುದು ಒಂದು ಮರದ ಪೀಠ, ಅಷ್ಟೇ. ಗಾಲಿ ಇಲ್ಲ, ಕುದುರೆ ಇಲ್ಲ. ಭಾಗವತರ ಪದ ಏರಿ ಚೆಂಡೆ ಬಿದ್ದ ಕೂಡಲೇ ಅದು ಓಡುತ್ತದೆ.

ಕರ್ಣಪರ್ವದ ತಾಳಮದ್ದಳೆಯಲ್ಲಿ ಅರ್ಥಧಾರಿ ಹಿಡಿಯದಿದ್ದರೂ ನನಗೆ ಯಾವಾಗಲೂ ಕಾಡುವ ವಿಷಯ ಒಂದಿದೆ. ಕರ್ಣ ಸೂರ್ಯನ ಮಗ. ಅಪ್ಪನದ್ದು ಒಂದೇ ಗಾಲಿಯ ರಥ, ಒಂದು ದಿನವೂ ನಿಂತದ್ದಿಲ್ಲ. ಮಗನ ರಥಕ್ಕೆ ಎರಡು ಗಾಲಿ, ಅದರಲ್ಲಿ ಒಂದು ಕೆಸರಿನಲ್ಲಿ ಹೂತು ಕತೆಯೇ ಮುಗಿಯಿತು.

ಅರುಣನ ಕತೆಯೂ ನೋವಿನದ್ದೇ. ತಾಯಿ ವಿನತೆ ಆತುರಪಟ್ಟು ಮೊಟ್ಟೆ ಒಡೆದಳು. ಮಗು ಸೊಂಟದವರೆಗೆ ಮಾತ್ರ ಬೆಳೆದಿತ್ತು. ಅದಕ್ಕೇ ಅವನಿಗೆ ಅನೂರು ಎಂಬ ಹೆಸರು, ತೊಡೆ ಇಲ್ಲದವನು. ಬೆಳಗಿನ ಜಾವದ ಕೆಂಪು ನೋಡಿದರೆ ಇದು ಅರ್ಥವಾಗುತ್ತದೆ. ಬೆಳಕು ಬಂದಿದೆ, ಆದರೆ ಪೂರ್ತಿ ಬಂದಿಲ್ಲ. ಮಹಾಭಾರತದಲ್ಲಿ ಅವನಿಗೆ ಸಾರಥಿ ಕೆಲಸ ಸಿಕ್ಕಿದ್ದಕ್ಕೂ ಕಾರಣ ಇದೆ. ರಾಹು ಪೀಡಿಸುವಾಗ ದೇವತೆಗಳು ಯಾರೂ ಸಹಾಯಕ್ಕೆ ಬರಲಿಲ್ಲ ಎಂದು ಸೂರ್ಯನಿಗೆ ಸಿಟ್ಟು, ಲೋಕವನ್ನೇ ಸುಡಲು ಹೊರಟ. ಆಗ ಬ್ರಹ್ಮ ಅರುಣನನ್ನು ರಥದ ಮುಂದೆ ಕೂರಿಸಿದ, ಆ ಬಿಸಿಯನ್ನು ಮೈಮೇಲೆ ತೆಗೆದುಕೊಳ್ಳಲಿಕ್ಕೆ. ಯುರೋಪಿನ ಉತ್ತರದ ಕತೆಯಲ್ಲಿ ಇದೇ ಕೆಲಸ ಸ್ವಾಲಿನ್ ಎಂಬ ಗುರಾಣಿಯದ್ದು. ಅದು ಸೂರ್ಯನ ಮುಂದಿನಿಂದ ಬಿದ್ದರೆ ಬೆಟ್ಟವೂ ಕಡಲೂ ಸುಟ್ಟು ಹೋಗುತ್ತವಂತೆ. ಗ್ರೀಕರಲ್ಲಿ ಆ ಅಡ್ಡಿ ಯಾವುದೂ ಇಲ್ಲ. ಹಟ ಹಿಡಿದು ಅಪ್ಪನ ರಥ ಓಡಿಸಿದ ಫೇಥಾನ್ ಕುದುರೆ ಹಿಡಿಯಲಾಗದೆ ಭೂಮಿ ಸುಟ್ಟ, ಕೊನೆಗೆ ದೇವತೆಗಳ ರಾಜ ಸ್ಯೂಸ್ ಸಿಡಿಲು ಹೊಡೆದು ಅವನನ್ನು ಕೆಳಗೆ ಬೀಳಿಸಬೇಕಾಯಿತು. ನಮ್ಮಲ್ಲಿ ಸೂರ್ಯನ ಹತ್ತಿರ ಹೋಗಿ ಸುಟ್ಟುಕೊಂಡವರು ಸಾರಥಿಯ ಮಕ್ಕಳು. ಜಟಾಯುವಿಗೆ ಬಿಸಿಲು ತಾಗದ ಹಾಗೆ ಅಣ್ಣ ಸಂಪಾತಿ ರೆಕ್ಕೆ ಹರಡಿದ, ಅವನ ರೆಕ್ಕೆ ಸುಟ್ಟಿತು.

ಚಂದ್ರನ ರಥಕ್ಕೆ ಮೂರು ಗಾಲಿ, ಮಲ್ಲಿಗೆಯಂಥ ಹತ್ತು ಬಿಳಿ ಕುದುರೆ. ಅಶ್ವಿನಿ ದೇವತೆಗಳದ್ದೂ ಮೂರು ಗಾಲಿ, ನಮ್ಮ ಆಟೋರಿಕ್ಷಾದ ಹಾಗೆ. ಅದನ್ನು ಒಮ್ಮೊಮ್ಮೆ ಕತ್ತೆ ಎಳೆಯುವುದೂ ಉಂಟು. ಪೂಷನ್ ಎಂಬ ವೇದದ ದೇವರ ರಥಕ್ಕೆ ಆಡು. ಶನಿಯದ್ದು ಕೇಳುವುದೇ ಬೇಡ, ನಿಧಾನ.

ಬೆಳಗಿನ ತಿಂಡಿ ಆದ ಮೇಲೆ ಅಕ್ಕನ ಮಗಳಿಗೆ ಎರಡು ನೋಟು ತೋರಿಸಿದೆ. ಹತ್ತು ರೂಪಾಯಿಯದರ ಹಿಂದೆ ಕೋಣಾರ್ಕದ ಸೂರ್ಯ ದೇವಾಲಯ, ಐವತ್ತರ ಹಿಂದೆ ಹಂಪಿಯ ಕಲ್ಲಿನ ರಥ. ಕೋಣಾರ್ಕ 13ನೇ ಶತಮಾನದ್ದು, ಪೂರ್ವ ಗಂಗ ವಂಶದ ನರಸಿಂಹದೇವ ಕಟ್ಟಿಸಿದ್ದು. ಅಲ್ಲಿ ಚಕ್ರ ಒಂದಲ್ಲ, 24. ಅಷ್ಟು ದೊಡ್ಡ ಕಲ್ಲಿನ ರಥ ಒಂದು ಗಾಲಿಯ ಮೇಲೆ ನಿಂತಿದೆ ಎಂದರೆ ಶಿಲ್ಪಿಗೇ ನಂಬಿಕೆ ಬರಲಿಲ್ಲವೇನೋ. ಹಂಪಿಯದ್ದು ಸೂರ್ಯನ ರಥ ಅಲ್ಲ, ವಿಠಲನ ಎದುರಿಗಿರುವ ಗರುಡನ ಗುಡಿ. ಅರುಣ ಅಣ್ಣ, ಗರುಡ ತಮ್ಮ. ಅಣ್ಣ ಓಡಿಸುವ ರಥಕ್ಕೆ ಹತ್ತು, ತಮ್ಮನ ರಥಕ್ಕೆ ಐವತ್ತು. ಅವಳು ಎರಡೂ ನೋಟು ತಿರುಗಿಸಿ ನೋಡಿ, ಐವತ್ತನ್ನು ಜೇಬಿಗೆ ಹಾಕಿಕೊಂಡಳು.

ಸಂಜೆ ಅವಳೇ ನೆನಪು ಮಾಡಿದಳು. "ಗಾಣದ ಗೂಟ ತೋರಿಸ್ತೇನೆ ಹೇಳಿದ್ದಿ." ಗೂಟ ಅಂದರೆ ಧ್ರುವ ನಕ್ಷತ್ರ. ಅಂಗಳದಿಂದ ಕಾಣುವುದಿಲ್ಲ, ಉತ್ತರಕ್ಕೆ ಪೂರ್ತಿ ಅಡಿಕೆ ತೋಟ. ಮನೆಯ ಹಿಂದಿನ ಮುರಕಲ್ಲು ಪದವಿಗೆ, ಅಂದರೆ ಬೋಳು ಗುಡ್ಡೆಗೆ, ಹತ್ತಿದೆವು. ಸಪ್ತಮಿಯ ಅರ್ಧ ಚಂದ್ರ ನೆತ್ತಿಯ ಹತ್ತಿರ ಇದ್ದ. ಧ್ರುವ ಎಷ್ಟು ಎತ್ತರದಲ್ಲಿ ಕಾಣುತ್ತದೆ ಎನ್ನುವುದು ನಾವು ಎಲ್ಲಿ ನಿಂತಿದ್ದೇವೆ ಎನ್ನುವುದರ ಮೇಲೆ ಹೋಗುತ್ತದೆ. ಕಾಸರಗೋಡು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಧ್ರುವ ಕಾಣುವುದೂ ದಿಗಂತದಿಂದ ಅಷ್ಟೇ ಎತ್ತರದಲ್ಲಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಅವಳು ಮುಷ್ಟಿಯನ್ನು ದೂರದ ಗುಡ್ಡೆಯ ಮೇಲೆ ಕೂರಿಸಿದ ಹಾಗೆ ಹಿಡಿದು, ಅದಕ್ಕಿಂತ ಚೂರು ಮೇಲೆ ಹುಡುಕಿದಳು. ಮಂಕಾದ ಒಂದು ನಕ್ಷತ್ರ.

"ಇಷ್ಟು ಕೆಳಗೆ ಉಂಟಾ?"

ಕೆಳಗೇ ಇದೆ. ಮೇರು ಎಲ್ಲರಿಗೂ ಉತ್ತರಕ್ಕೇ ಇದೆ ಎಂದು ವಿಷ್ಣು ಪುರಾಣ ಹೇಳುವುದು ಇದನ್ನೇ ಇರಬೇಕು. ನಾವು ಗಾಣದಿಂದ ತುಂಬ ದೂರ ನಿಂತು ನೋಡುತ್ತಿದ್ದೇವೆ, ಅದಕ್ಕೆ ಗೂಟ ನೆಲಕ್ಕೆ ಒರಗಿದ ಹಾಗೆ ಕಾಣುತ್ತದೆ. ಅವಳು ಮುಷ್ಟಿ ಇಳಿಸದೆ ಇನ್ನೊಂದು ಕೈಯಿಂದ ಪೂರ್ವದಿಂದ ಪಶ್ಚಿಮಕ್ಕೆ ಒಂದು ದೊಡ್ಡ ಸುತ್ತು ಎಳೆದಳು, ಕಡಲಿನ ಕಡೆ ಬಂದಾಗ ಕೈ ನಿಲ್ಲಿಸಲಿಲ್ಲ, ಹಿಂದಿನಿಂದ ಸುತ್ತಿ ಮತ್ತೆ ಪೂರ್ವಕ್ಕೆ ತಂದಳು.